ಕೌದಿಯೊಳಗಿನ ಕಾಗದ

ಪತ್ತೇದಾರಿ ಕಾದಂಬರಿಗಳನ್ನೋದುವದು ಬರಿಯ ಕಾಲಹರಣವೆಂದು ಬಲ್ಲವರು ಹೇಳುವರು. ಅದನ್ನು ಅಲ್ಲಗಳೆಯುವಷ್ಟು ಧೈರ್ಯ ನನಗಿಲ್ಲ. ಆದರೆ ಅಫಜಲಪುರ ತಾಲೂಕಿನ ನಮ್ಮ ಗೊಬ್ಬೂರದಲ್ಲಿ ನನಗೆ ಓದಿನ ರುಚಿ ಹಚ್ಚಿದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತ ಆ ಮಹನೀಯರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವುಗಳನ್ನೋದಿದ ಹನ್ನೆರಡು ವರ್ಷದ ಹುಡುಗನಿಗೆ ಊರೆಲ್ಲ ಸಂಶಯಾಸ್ಪದವಾಗಿ ಕಂಡರೆ ಸೋಜಿಗವೇನು?

ರಹಸ್ಯವು ನಮ್ಮ ಮನೆಯಲ್ಲಿಯೇ ಇದ್ದಿತು. ಬಾವಿಯು ಅಪ್ಪನ ಪಾಲಿನ ಹೊಲದಲ್ಲಿತ್ತು. ನೀರಿನ ಹಕ್ಕು ತನಗೂ ಉಂಟೆಂದು ಕಾಕಾನು ವಾದಿಸುತ್ತಿದ್ದನು. ಅಜ್ಜನು ನಿಜಾಮರ ಕಾಲದಲ್ಲಿ, 1948ಕ್ಕೆ ಮೊದಲು, ಮಕ್ಕಳಿಬ್ಬರ ವಾಟಣಿಯನ್ನು ಕಾಗದದಲ್ಲಿ ಬರೆಯಿಸಿಟ್ಟು ತೀರಿಕೊಂಡಿದ್ದನು. ಆಗ ಸರಕಾರದ ಭಾಷೆ ಉರ್ದು, ಕಾಗದವೂ ಉರ್ದುವಿನಲ್ಲಿಯೇ. ಆ ಕಾಗದವೇ ಕಾಣೆಯಾಗಿತ್ತು. ಅಪ್ಪನು ಕಾಕಾನನ್ನೂ ಕಾಕಾನು ಅಪ್ಪನನ್ನೂ ಕಳ್ಳನೆನ್ನುವರು.

ನಾನು ಶೋಧಕ್ಕೆ ಹೊರಟೆನು. ಕಾಕಾನ ಟ್ರಂಕು, ಅಪ್ಪನ ಮಾಡಗೂಡು, ಜೋಳದ ಕಣಜ, ಯಾವದನ್ನೂ ಬಿಡಲಿಲ್ಲ. ಸುಳಿವು ದೊರೆತದ್ದು ಮಹಾನವಮಿಯ ಮುಂದೆ. ಮನೆಯ ಕೌದಿಗಳೆಲ್ಲ ಒಗೆಯುವದಕ್ಕಾಗಿ ಹಳ್ಳಕ್ಕೆ ಹೋದವು; ಆಯಿಯ ಕೌದಿಯೊಂದು ಹೋಗಲಿಲ್ಲ. ಆ ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ ಅದರ ಮೂಲೆಯನ್ನು ಹಿಸುಕಿದೆನು. ಅರಿವೆಯ ಪದರುಗಳ ನಡುವೆ ಕಾಗದವು ಸಪ್ಪಳ ಮಾಡಿತು. ಆಯಿ ಎಚ್ಚರವಾಗಿಯೇ ಇದ್ದಳು.

“ಕಾಗದ ಸಿಕ್ಕರ ಮನಿ ಒಡೀತದ ತಮ್ಮಾ. ಸಿಗದಿದ್ದರ ಜಗಳಾ ಆಡ್ತಾರ. ಜಗಳಾ ಆಡಲಿಕ್ಕರ ಒಬ್ಬರ ಮಾರಿ ಒಬ್ಬರು ನೋಡ್ತಾರ. ಯಾರ ಮುಂದೂ ಹೇಳಬ್ಯಾಡ.”

ಪುರುಷೋತ್ತಮನಾಗಿದ್ದರೆ ಎಲ್ಲರನ್ನೂ ಕೂಡಿಸಿ ಗುಟ್ಟನ್ನು ಹೊರಗೆಡವುತ್ತಿದ್ದನು. ನಾನು ಆಯಿಗೆ ಮಾತು ಕೊಟ್ಟೆನು.

ಏಳು ವರ್ಷಗಳು ಕಳೆದವು. ಜಗಳವೂ ನಿಂತಿತು; ಅಂಗಳದ ನಡುವೆ ಗೋಡೆಯೆದ್ದಿತು. ಅಪ್ಪನೊಡನೆ ಮಾತಿಲ್ಲದೆಯೇ ಕಾಕಾನು ತೀರಿಕೊಂಡನು. ಮರುವರ್ಷ ಆಯಿಯೂ ಹೋದಳು. ಅವಳ ದಿನಕರ್ಮಗಳು ಮುಗಿದ ಮೇಲೆ ನಾನು ಕೌದಿಯ ಹೊಲಿಗೆ ಬಿಚ್ಚಿ, ಉರ್ದು ಬಲ್ಲ ವೃದ್ಧ ಮಾಸ್ತರರೊಬ್ಬರಿಂದ ಕಾಗದವನ್ನು ಓದಿಸಿದೆನು. ಹೊಲಗಳು ಬೇರೆ ಬೇರೆ. ಬಾವಿ ಮಾತ್ರ ಇಬ್ಬರಿಗೂ ಸೇರಿದ್ದು, ದಿನ ಬಿಟ್ಟು ದಿನ ನೀರಿನ ಪಾಳಿ. ಅಜ್ಜನು ಮನೆಯನ್ನು ಒಡೆದಿರಲಿಲ್ಲ.

ಅಪ್ಪನು ಕೇಳಿದನು, ಏನೂ ಆಡಲಿಲ್ಲ. ಮರುದಿನ ಬೆಳಿಗ್ಗೆ ಕಾಕಾನ ಮಗನನ್ನು ಕರೆದು, “ಇವತ್ತಿನ ಪಾಳಿ ನಿಮ್ಮದು” ಎಂದನು. ಅದನ್ನು ಕೇಳಬೇಕಾದವನು ಇರಲಿಲ್ಲ.

ಕಾನನ್ ಡಾಯ್ಲರ 1892ರ ಕಥೆಯೊಂದರಲ್ಲಿ ಮಲತಂದೆಯೇ ಹೆಣ್ಣುಮಕ್ಕಳ ಕೋಣೆಗೆ ಹಾವು ಬಿಡುವನು. ಶೆರ್ಲಾಕ್ ಹೋಮ್ಸನು ಗುಟ್ಟನ್ನು ಬಯಲಿಗೆಳೆದು ಮರುದಿನ ಲಂಡನ್ನಿಗೆ ಹಿಂದಿರುಗುವನು. ಮನೆಯ ಪತ್ತೇದಾರನಿಗೆ ಹಿಂದಿರುಗಲು ಬೇರೆ ಊರಿಲ್ಲ. ಅವನು ಆ ಒಲೆಯ ಮುಂದೆಯೇ ಉಣ್ಣಬೇಕು. ಇಂದು ಪಟ್ಟಣಗಳಲ್ಲಿ ಹಣ ತೆತ್ತು ಸ್ವಂತ ಗಂಡ-ಹೆಂಡಿರ ಮೇಲೆಯೇ ಖಾಸಗಿ ಪತ್ತೇದಾರರನ್ನು ನೇಮಿಸುವವರಿದ್ದಾರೆ. ಅವರ ಸುದ್ದಿ ಕೇಳಿದಾಗಲೆಲ್ಲ ನನಗೆ ಆ ಕೌದಿಯ ನೆನಪಾಗುವದು. ಆಯಿಗೆ ಓದು ಬರುತ್ತಿರಲಿಲ್ಲ, ನನಗೆ ಉರ್ದು ಬರುತ್ತಿರಲಿಲ್ಲ. ಏನು ಬರೆದಿದೆಯೆಂದು ತಿಳಿಯದ ಕಾಗದಕ್ಕೆ ಹೆದರಿ ನಾವಿಬ್ಬರೂ ಏಳು ವರ್ಷ ಅದನ್ನು ಕಾದೆವು.