ಪುಟ್ಟನ ಗಡಿಯಾರ

ನನ್ನ ತಂಗಿಯ ಮಗನನ್ನು ಮನೆಯಲ್ಲಿ ಕರೆಯುವುದು ಪುಟ್ಟ ಎಂದು. ಆರಡಿ ಎತ್ತರ, ಇಪ್ಪತ್ತೆಂಟು ವರ್ಷ, ಚಾರ್ಟರ್ಡ್ ಅಕೌಂಟೆಂಟ್. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಅವನ ಆಫೀಸು. ಹಣವಿದ್ದವರು ತಮ್ಮ ಹಣವನ್ನು ಎಲ್ಲಿ ತೊಡಗಿಸಬೇಕು ಎಂದು ಸಲಹೆ ಕೊಡುವುದು ಅವನ ಉದ್ಯೋಗ. ಸಲಹೆ ಕೊಡುವುದಕ್ಕೂ ಸಂಬಳವೇ ಎಂದು ನಮ್ಮ ಅಮ್ಮ ಬದುಕಿದ್ದರೆ ಖಂಡಿತ ಕೇಳುತ್ತಿದ್ದಳು, ಏಕೆಂದರೆ ಅವಳು ಜೀವಮಾನವಿಡೀ ಅದನ್ನು ಧರ್ಮಾರ್ಥವಾಗಿ ಮಾಡಿದವಳು.

ಕಳೆದ ದಸರೆ ರಜೆಯಲ್ಲಿ ಮಂಡಿನೋವಿಗೆ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಕುಂದಾಪುರದಿಂದ ರಾತ್ರಿ ಬಸ್ಸು ಹತ್ತಿ ಅವನ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಬಾಡಿಗೆ ಮೂವತ್ತೆರಡು ಸಾವಿರ. ಅಡುಗೆಮನೆಗೆ ಕಾಲಿಟ್ಟರೆ ಒಂದು ಕೇಜಿ ಅಕ್ಕಿಯಿಲ್ಲ, ಒಂದು ಹಿಡಿ ಬೇಳೆಯಿಲ್ಲ. ಕಾಫಿ ಮಾಡುವ ಯಂತ್ರವೊಂದು ಮಾತ್ರ ದೇವರ ಪೀಠದ ಹಾಗೆ ಕೂತಿತ್ತು. ಕಪಾಟು ತೆರೆದರೆ ಹನ್ನೊಂದು ಜೊತೆ ಬೂಟು. ನಾನು ಎಣಿಸಿಯೇ ಹೇಳುತ್ತಿದ್ದೇನೆ. ಹಾಜರಿ ತೆಗೆದುಕೊಳ್ಳುವುದು ಮೂವತ್ತು ವರ್ಷದ ಅಭ್ಯಾಸ.

"ಎಂತ ಮಾರಾಯ ಇದು, ನಿನಗೆ ಇರುವುದು ಎರಡೇ ಕಾಲಲ್ಲವಾ?" ಎಂದೆ.

"ದೊಡ್ಡಮ್ಮ, ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಹತ್ತಿರ ಬರುವವರು ಕೋಟಿಗಟ್ಟಲೆ ಇರುವವರು. ಅವರು ಮೊದಲು ನೋಡುವುದು ಬೂಟು, ಆಮೇಲೆ ಗಡಿಯಾರ. ಮಾತು ಕೇಳುವುದು ಆಮೇಲೆ" ಎಂದ. ಹಾಗೆನ್ನುತ್ತ ಅಂಗಿಯ ತೋಳು ಸ್ವಲ್ಪ ಮೇಲಕ್ಕೆಳೆದುಕೊಂಡ. ಸ್ವಿಸ್ ಗಡಿಯಾರ. ಬೆಲೆ ಕೇಳಿದ್ದು ನನ್ನದೇ ತಪ್ಪು. ಒಂದು ಲಕ್ಷದ ಎಂಬತ್ತೈದು ಸಾವಿರ! ಗೋಡೆಯ ಮೇಲೆ ಒಂದು ಗಡಿಯಾರ, ಕೈಯಲ್ಲಿನ ಫೋನಿನಲ್ಲಿ ಇನ್ನೊಂದು, ಆ ಕಾಫಿ ಯಂತ್ರದ ಮೇಲೂ ಮತ್ತೊಂದು. ಎಲ್ಲವೂ ಒಂದೇ ಹೊತ್ತನ್ನು ತೋರಿಸುತ್ತಿದ್ದವು.

ಆ ಸಂಜೆ ಒಬ್ಬ ಹುಡುಗಿಯ ವಿಷಯವೂ ಹೊರಬಿತ್ತು. ಹಾಸನದ ಕಡೆಯವಳಂತೆ, ಆಡಿಟ್ ಕಂಪನಿಯೊಂದರಲ್ಲಿ ಕೆಲಸ. ವರ್ಷದಿಂದ ಪರಿಚಯ. ಇವರು "ಡೇಟಿಂಗ್" ಎನ್ನುತ್ತಾರೆ. ಆ ಶಬ್ದ ಕೇಳಿ ಎದೆ ಧಸಕ್ಕೆನ್ನುವ ಕಾಲ ನನಗೂ ದಾಟಿದೆ ಎನ್ನಿ. ಒಂಬತ್ತನೇ ತರಗತಿಯ ಮಕ್ಕಳ ಬಾಯಲ್ಲೇ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ನನ್ನ ಎದೆ ಧಸಕ್ಕೆಂದದ್ದು ಅದರ ಬಿಲ್ಲು ನೋಡಿ. ಊಟದ ಮೇಜಿನ ಮೇಲೆ ಚೀಟಿಯೊಂದು ಬಿದ್ದಿತ್ತು. ಇಂದಿರಾನಗರದ ಹೋಟೆಲು, ಇಬ್ಬರ ಊಟ, ಏಳು ಸಾವಿರದ ಎಂಟುನೂರು ರೂಪಾಯಿ. ವಾರಕ್ಕೊಮ್ಮೆ ಇಂಥ ಊಟವಂತೆ. ಒಂದೇ ಹೋಟೆಲಿಗೆ ಎರಡನೇ ಸಲ ಕರೆದುಕೊಂಡು ಹೋದರೆ ಮರ್ಯಾದೆ ಕಡಿಮೆಯಂತೆ.

ನಗಬೇಡಿ. ಈ ವಿಷಯದಲ್ಲಿ ನಾನೇನು ಸಾಚಾ ಅಲ್ಲ. 1994ರಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಪಕ್ಕದ ಮನೆಯಿಂದ ಆರು ಕುರ್ಚಿ ಬಂದಿದ್ದವು. ಅತ್ತೆಯ ಎರಡೆಳೆ ಸರ ನನ್ನ ಕೊರಳಿಗೆ ಬಂದಿತ್ತು. ಅದೂ ಸಾಲದೆಂದು ನಾನು ಶಾಲೆಯ ಹಿಂದಿ ಟೀಚರಿಂದ ಚಿನ್ನದ ಬಣ್ಣದ ಪಟ್ಟಿಯ ಕೈಗಡಿಯಾರ ಬೇಡಿ ತಂದಿದ್ದೆ. ಬಿಎ ಬಿಎಡ್ ಮಾಡಿದ ಹುಡುಗಿಯ ಕೈ ಬರಿದಾಗಿದ್ದರೆ ಹೇಗೆ? ಉಪ್ಪಿಟ್ಟು, ಕೇಸರಿಬಾತು ಕೊಟ್ಟಾಯಿತು. ಗಂಡಿನ ಸೋದರಮಾವ ಬಸ್ಸಿನ ಚಿಂತೆಯಲ್ಲಿ "ಗಂಟೆ ಎಷ್ಟಾಯಿತಮ್ಮ?" ಎಂದು ಕೇಳಿದರು. ನಾನು ಗತ್ತಿನಿಂದ ಕೈಯೆತ್ತಿ ನೋಡಿ "ಹತ್ತೂಕಾಲು" ಎಂದೆ. ಆಗ ಸಂಜೆ ನಾಲ್ಕು. ಗಡಿಯಾರ ಬೆಳಿಗ್ಗೆಯೇ ನಿಂತಿತ್ತು. ಆ ಗಂಡೇ ಈಗ ನಮ್ಮ ಮನೆಯವರು. ಇವತ್ತಿಗೂ ನಾನು ಅಡುಗೆ ತಡ ಮಾಡಿದರೆ "ಇನ್ನೂ ಹತ್ತೂಕಾಲಾ?" ಎನ್ನುತ್ತಾರೆ. ಅವರು ಅಂದು ಏರಿ ಬಂದಿದ್ದ ಸ್ಕೂಟರು ಅವರ ಸ್ನೇಹಿತನದ್ದು ಎಂಬುದು ನನಗೆ ಮದುವೆಯಾಗಿ ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಆ ಮಾತನ್ನು ಮಾತ್ರ ಅವರು ಎತ್ತುವುದಿಲ್ಲ.

ಆದರೆ ನಮ್ಮ ಡೌಲಿನಲ್ಲಿ ಒಂದು ಅನುಕೂಲವಿತ್ತು. ಕುರ್ಚಿ ಸಂಜೆಗೆ ವಾಪಸು ಹೋಯಿತು, ಸರ ರಾತ್ರಿಗೆ, ಗಡಿಯಾರ ಮರುದಿನ. ಯಾರೂ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ ಕೇಳಲಿಲ್ಲ.

ಮೂರನೇ ದಿನ, ಡಾಕ್ಟರಿಗೆ ತೋರಿಸಿಕೊಂಡು ಬಂದು ನಾನು ಮಂಡಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ ಪುಟ್ಟ ಪಕ್ಕದಲ್ಲಿ ಬಂದು ಕೂತ. "ದೊಡ್ಡಮ್ಮ, ಒಂದು ಒಳ್ಳೆಯ ಅವಕಾಶ ಉಂಟು. ಎರಡೂವರೆ ಲಕ್ಷ ಇದ್ದರೆ ಕೊಡುತ್ತೀರಾ? ಆರು ತಿಂಗಳಲ್ಲಿ ವಾಪಸು" ಎಂದ. ನನ್ನ ಹತ್ತಿರ ಬ್ಯಾಂಕಿನಲ್ಲಿ ಠೇವಣಿ ಇದೆ ಎಂಬುದು ಅವನಿಗೆ ಗೊತ್ತು. ಮಂಡಿಯ ಆಪರೇಷನ್ನಿಗೆಂದು ಇಟ್ಟದ್ದು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳಿಗೆ, ಹೋಮ್‌ವರ್ಕ್ ಮನೆಯಲ್ಲಿ ಮರೆತು ಬಂದವನು ಯಾರು, ಮಾಡದೆಯೇ ಬಂದವನು ಯಾರು ಎಂದು ಹೇಳಬೇಕೇ? ಅವನು ನನ್ನ ಮುಖ ನೋಡದೆ ಎಣ್ಣೆಯ ಬಟ್ಟಲನ್ನು ನೋಡುತ್ತಿದ್ದ.

"ಅವಕಾಶವನ್ನು ಒಮ್ಮೆ ತೋರಿಸು ನೋಡೋಣ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನು ತೆಗೆದು ಕೊಟ್ಟ. ಕ್ರೆಡಿಟ್ ಕಾರ್ಡಿನ ಬಿಲ್ಲು. ಬಾಕಿ ಎರಡು ಲಕ್ಷದ ನಲವತ್ತು ಸಾವಿರ.

ಗಡಿಯಾರವನ್ನು ಬೋನಸ್ಸಿನ ಭರವಸೆಯಲ್ಲಿ ಕಾರ್ಡು ಉಜ್ಜಿ ಕೊಂಡದ್ದಂತೆ. ಬೋನಸ್ಸು ಅಂದುಕೊಂಡದ್ದರ ಅರ್ಧ ಬಂತು, ಅದು ಕಾರಿನ ಕಂತಿಗೂ ಗೋವಾಕ್ಕೂ ಹೋಯಿತು. ಆಮೇಲೆ ಎಂಟು ತಿಂಗಳಿಂದ ಬಿಲ್ಲಿನಲ್ಲಿ "ಕನಿಷ್ಠ ಮೊತ್ತ" ಎಂದು ಬರೆದಿರುತ್ತದಲ್ಲ, ಅದನ್ನಷ್ಟೇ ಕಟ್ಟಿಕೊಂಡು ಬಂದಿದ್ದಾನೆ. ನಾನು ಹಳೆಯ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ನಾನು ಸಮಾಜ ವಿಜ್ಞಾನದ ಟೀಚರು, ಆದರೂ ಗಣಿತದವರು ರಜೆ ಹಾಕಿದಾಗ ಏಳನೇ ತರಗತಿಗೆ ಬಡ್ಡಿ ಲೆಕ್ಕ ಮಾಡಿಸಿದ್ದೇನೆ. ಎರಡು ಲಕ್ಷದ ನಲವತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ 8,400 ರೂಪಾಯಿ ಬಡ್ಡಿ. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 1,512. ಎರಡೂ ಸೇರಿ 9,912. ಕನಿಷ್ಠ ಮೊತ್ತ ಶೇಕಡಾ 5 ಎಂದರೆ 12,000. ಅಂದರೆ ಹನ್ನೆರಡು ಸಾವಿರ ಕಟ್ಟಿದರೆ ಅಸಲಿನಲ್ಲಿ ಕರಗುವುದು ಬರೀ 2,088 ರೂಪಾಯಿ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಸಿಗುವುದಿಲ್ಲ. ಇಂದು ಕುಡಿದ ಕಾಫಿಗೆ ಇಂದಿನಿಂದಲೇ ಬಡ್ಡಿ.

"ಇದೆಲ್ಲ ನಿನಗೆ ಗೊತ್ತಿರಲಿಲ್ಲವಾ?" ಎಂದೆ. ಕೇಳಬಾರದಿತ್ತು. ನನ್ನ ಹಣವನ್ನು ಮ್ಯೂಚುವಲ್ ಫಂಡಿಗೆ ಹಾಕಿಸಿ, ತಿಂಗಳು ತಿಂಗಳು ತಪ್ಪದೆ ಕಟ್ಟಿ ಎಂದು ಪಾಠ ಹೇಳಿದವನೇ ಅವನು. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ, 750 ದಾಟಿದರೆ ಪಾಸು ಎಂದು ನನಗೆ ತಿಳಿಸಿದವನೂ ಅವನೇ. "ಎಲ್ಲ ಗೊತ್ತುಂಟು ದೊಡ್ಡಮ್ಮ. ಬೇರೆಯವರಿಗೆ ದಿನಾ ಹೇಳುತ್ತೇನೆ" ಎಂದ. ಧ್ವನಿ ಹೂತುಹೋಗಿತ್ತು. ಆರಡಿ ಎತ್ತರದವನು, ಬೂಟು ಬಿಚ್ಚಿ ಕೂತಾಗ, ಪರೀಕ್ಷೆಯಲ್ಲಿ ಫೇಲಾಗಿ ಮನೆಗೆ ಹೋಗಲು ಹೆದರುವ ಹುಡುಗನ ಹಾಗೆಯೇ ಕಂಡ. ಕೋಪ ಬಂದದ್ದು ನಿಜ. ಅದರ ಹಿಂದೆಯೇ ಇನ್ನೊಂದು ಭಯವೂ ಬಂತು. ಈ ಎಂಟು ತಿಂಗಳು ಇವನು ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ.

ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಅಮ್ಮನ ಪಿಗ್ಮಿ ಪುಸ್ತಕ ನೆನಪಾಯಿತು. ನಮ್ಮ ಊರಿನ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಡಾಕ್ಟರಾಗಿದ್ದ ಟಿ. ಎಂ. ಎ. ಪೈಯವರು, ವ್ಯಾಪಾರಿಯಾಗಿದ್ದ ಉಪೇಂದ್ರ ಪೈಯವರು, ಇಂಜಿನಿಯರಾಗಿದ್ದ ವಾಮನ ಕುಡ್ವರು ಸೇರಿ ಒಂದು ಬ್ಯಾಂಕು ಕಟ್ಟಿದರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನನ್ನ ಕಾಲಕ್ಕೆ ಎರಡಾಣೆ ಹೋಗಿ ಒಂದು ರೂಪಾಯಿ ಆಗಿತ್ತು. ಸಂಜೆ ನಾಲ್ಕಕ್ಕೆ ಕೊಡೆ, ಚೀಲ ಹಿಡಿದು ಪಿಗ್ಮಿಯವರು ಬರುತ್ತಿದ್ದರು. ಅಮ್ಮ ಸಾಸಿವೆ ಡಬ್ಬಿಯಿಂದ ನಾಣ್ಯ ತೆಗೆದು ಕೊಡುತ್ತಿದ್ದಳು. ಒಂದು ದಿನ ಡಬ್ಬಿ ಖಾಲಿಯಿದ್ದರೆ ಒಳಕೋಣೆಯಲ್ಲಿ ಅಡಗಿ ಕೂತು, "ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾರೆ ಎನ್ನು" ಎಂದು ನನ್ನನ್ನು ಕಳಿಸುತ್ತಿದ್ದಳು. ಒಂದು ರೂಪಾಯಿ ಕೊಡಲಾಗದ್ದಕ್ಕೆ ಅವಳಿಗೆ ಅಷ್ಟು ಅವಮಾನ. ನನ್ನ ಬಿಎಡ್ ಫೀಸು ಬಂದದ್ದು ಆ ಪುಸ್ತಕದಿಂದ. ಆ ಬ್ಯಾಂಕು 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡು ಬದಲಿಸುವ ದಿನ ನಾನು ಆ ರಸ್ತೆಯಲ್ಲಿ ಹೋಗಲಿಲ್ಲ.

ಆದರೆ ಇದನ್ನೆಲ್ಲ ಪುಟ್ಟನಿಗೆ ಹೇಳಿ ಪ್ರಯೋಜನವೇನು? ಅಮ್ಮ ಮರ್ಯಾದೆಗೆ ಹೆದರಿ ಒಳಕೋಣೆಯಲ್ಲಿ ಅಡಗಿದಳು, ಇವನು ಮರ್ಯಾದೆಗೆ ಹೆದರಿ ಗಡಿಯಾರದ ಹಿಂದೆ ಅಡಗಿದ್ದಾನೆ. ಅವಳನ್ನು ಹುಡುಕಿಕೊಂಡು ಉಳಿತಾಯದವರು ಬರುತ್ತಿದ್ದರು, ಇವನನ್ನು ಹುಡುಕಿಕೊಂಡು ದಿನಕ್ಕೆ ಮೂರು ಸಲ ಸಾಲದವರು ಫೋನು ಮಾಡುತ್ತಾರೆ. "ಅಭಿನಂದನೆಗಳು, ನಿಮಗೆ ಐದು ಲಕ್ಷ ಮಂಜೂರಾಗಿದೆ" ಎಂದು. ಕೇಳದೆಯೇ!

ಬೆಳಿಗ್ಗೆ ಅನ್ನಕ್ಕಿಟ್ಟು (ಅಕ್ಕಿ ನಾನೇ ತಂದದ್ದು) ನನ್ನ ಷರತ್ತು ಹೇಳಿದೆ. ಗಡಿಯಾರ ಮಾರಬೇಕು. ಅದರ ಮೇಲೆ ನಾನು ಎಪ್ಪತ್ತು ಸಾವಿರ ಕೊಡುತ್ತೇನೆ, ಪೂರ್ತಿ ಕೊಡುವುದಿಲ್ಲ. ಉಳಿದದ್ದು ಅವನ ಜವಾಬ್ದಾರಿ. ತಿಂಗಳಿಗೆ ಐದು ಸಾವಿರದಂತೆ ನನಗೆ ವಾಪಸು. ಮತ್ತೆ ಆ ಹುಡುಗಿಗೆ ನಿಜ ಹೇಳಬೇಕು.

ಮೊದಲ ಮೂರಕ್ಕೆ ಒಪ್ಪಿದ. ನಾಲ್ಕನೆಯದಕ್ಕೆ "ಅವಳು ಬಿಟ್ಟು ಹೋಗುತ್ತಾಳೆ ದೊಡ್ಡಮ್ಮ" ಎಂದ.

ಗಡಿಯಾರ ಮಾರಿದ್ದಕ್ಕೆ ಒಂದು ಲಕ್ಷದ ಹತ್ತು ಸಾವಿರ ಬಂತು. ಒಂದು ವರ್ಷವೂ ಕಟ್ಟಿರದ ಗಡಿಯಾರಕ್ಕೆ ಎಪ್ಪತ್ತೈದು ಸಾವಿರ ಲುಕ್ಸಾನು. ಉಳಿದ ಅರವತ್ತು ಸಾವಿರಕ್ಕೆ ಬೂಟು ಮಾರಲು ನೋಡಿದ, ಯಾರೂ ಕೊಳ್ಳಲಿಲ್ಲ. ಬೇರೆಯವರ ಕಾಲಿನ ಬೂಟು ಯಾರಿಗೆ ಬೇಕು? ಒಂದು ವಿದೇಶ ಪ್ರವಾಸಕ್ಕೆ ಕಟ್ಟಿದ್ದ ಹಣ ಹಿಂದಕ್ಕೆ ಪಡೆದು, ಎರಡು ತಿಂಗಳು ಬಿಗಿ ಹಿಡಿದು ತೀರಿಸಿದ. ಅವನ ಅಮ್ಮನಿಗೆ ನಾವಿಬ್ಬರೂ ಹೇಳಿಲ್ಲ. ತಂಗಿ ಇದನ್ನು ಓದಿದರೆ ನನ್ನ ಕಥೆ ಮುಗಿಯಿತು. ಅವಳು ಪುಸ್ತಕ ಓದುವವಳಲ್ಲ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಹುಡುಗಿಯನ್ನು ನಾನು ಜನವರಿಯಲ್ಲಿ ನೋಡಿದೆ. ಮತ್ತೆ ಡಾಕ್ಟರಿಗೆ ತೋರಿಸಲು ಹೋದಾಗ ಅವಳೇ ಮನೆಗೆ ಬಂದಳು, ಕೈಯಲ್ಲಿ ಅವರಮ್ಮ ಕಳಿಸಿದ್ದ ಅವರೆಕಾಳು. ಸುಲಿಯುತ್ತ ಕೂತೆವು. ಪುಟ್ಟ ಹೊರಗೆ ಹೋದ ಹೊತ್ತು ನೋಡಿ ಹೇಳಿದಳು: "ಆಂಟಿ, ಆ ಹೋಟೆಲುಗಳ ಊಟ ನನಗೆ ಸೇರುತ್ತಲೇ ಇರಲಿಲ್ಲ. ಅವನಿಗೆ ಇಷ್ಟ ಅಂದ್ಕೊಂಡು ಸುಮ್ಮನಿದ್ದೆ. ಸಾಲ ಮಾಡಿದ್ದಕ್ಕೆ ಬೇಜಾರಿಲ್ಲ. ಎಂಟು ತಿಂಗಳು ನನ್ನ ಎದುರಿಗೇ ಕೂತು ಹೇಳಲಿಲ್ಲವಲ್ಲ, ಅದು ಹೋಗ್ತಾ ಇಲ್ಲ." ನಾನು ನನ್ನ ಹತ್ತೂಕಾಲಿನ ಕಥೆ ಹೇಳಿದೆ. ನಕ್ಕಳು. ಆದರೆ ಆ ಮಾತಿಗೆ ಉತ್ತರ ಅದಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ. ಈಗ ವಾರಕ್ಕೊಮ್ಮೆ ಭೇಟಿಯಾಗುತ್ತಾರೆ, ಲಾಲ್‌ಬಾಗಿನಲ್ಲಿ ನಡೆಯುತ್ತಾರೆ. ಮದುವೆಯ ಮಾತು ಎತ್ತಬೇಡಿ ಎಂದು ಪುಟ್ಟ ಕೈಮುಗಿದಿದ್ದಾನೆ.

ಪ್ರತಿ ತಿಂಗಳ ಐದನೇ ತಾರೀಕು ನನ್ನ ಫೋನು ಟಿಣ್ ಎನ್ನುತ್ತದೆ, ಐದು ಸಾವಿರ. ಮಂಡಿಯ ಆಪರೇಷನ್ನು ಮುಂದಕ್ಕೆ ಹೋಗಿದೆ, ಮೆಟ್ಟಿಲು ಹತ್ತುವಾಗ ಪುಟ್ಟನ ನೆನಪಾಗುತ್ತದೆ. ಹೋದ ತಿಂಗಳು ಐದಕ್ಕೆ ಬರಲಿಲ್ಲ. ಆರಕ್ಕೂ ಬರಲಿಲ್ಲ. ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ನಮ್ಮವರು "ಎಂತ, ಪಿಗ್ಮಿಯವರು ಬರಲಿಲ್ಲವಾ?" ಎಂದು ಛೇಡಿಸಿದರು. ಏಳಕ್ಕೆ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಟಿಣ್ ಎಂದಿತು. ಸಂಬಳ ತಡವಂತೆ. ಐದು ಸಾವಿರದ ಹನ್ನೊಂದು ರೂಪಾಯಿ ಅರವತ್ತೇಳು ಪೈಸೆ. ಕೆಳಗೆ ಬರೆದಿದ್ದ: "ಎರಡು ದಿನದ ಬಡ್ಡಿ, ಕಾರ್ಡಿನ ದರದಲ್ಲಿ."