ಹನ್ನೆರಡು ಕಸೆಯ ಅಂಗಿ

ಹಬ್ಬಕ್ಕೆ ಹೊಸ ಬಟ್ಟೆ ತೊಡುವುದು ಎಲ್ಲ ಊರುಗಳಲ್ಲಿಯೂ ಉಂಟು. ಆದರೆ ಹಳೆಯ ಕಾಲದ ಉಡುಪನ್ನು ಹೊಸದಾಗಿ ಹೊಲಿಸಿ ತೊಟ್ಟು ಜನ ಸಾಲುಸಾಲಾಗಿ ಜಾತ್ರೆಗೆ ಹೊರಡುವುದನ್ನು ಕಾಣಬೇಕಾದರೆ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರಕ್ಕೆ ಹೋಗಬೇಕು. ನಮ್ಮ ಜೈನಾಪುರದಿಂದ ವಿಜಯಪುರಕ್ಕೆ ಬಂದು, ಅಲ್ಲಿಂದ ಸುಮಾರು 100 ಕಿಲೋಮೀಟರು ಬಡಗಣಕ್ಕೆ ಸಾಗಿ ಭೀಮೆಯನ್ನು ದಾಟಿದರೆ ಆ ಊರು. ನನ್ನ ಅಕ್ಕನನ್ನು ಕೊಟ್ಟಿರುವುದೂ ಅಲ್ಲಿಗೇ.

ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಅವನನ್ನು ವರಿಸಬಯಸಿದ ಕುಂಬಾರರ ಕನ್ಯೆಗೆ ಅವನ ಯೋಗದಂಡದೊಡನೆ ಮದುವೆಯಾಯಿತೆಂಬ ಕಥೆಯನ್ನು ವಿಜಯಪುರದ ಸಿದ್ಧೇಶ್ವರ ಜಾತ್ರೆ ಕಂಡವರೆಲ್ಲ ಬಲ್ಲರು. ಸೊಲ್ಲಾಪುರದಲ್ಲಿ ಆ ಮದುವೆ ಪ್ರತಿವರ್ಷವೂ ನಡೆಯುತ್ತದೆ. ಮೊದಲು ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಮಜ್ಜನ. ಬಳಿಕ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಏಳು ನಂದಿಧ್ವಜಗಳನ್ನು ಹೊತ್ತು ಸಾಗುವವರ ಮೈಮೇಲೆ ಅಚ್ಚಬಿಳಿಯ ‘ಬಾರಾಬಂದಿ’ ಅಂಗಿ. ಗುಂಡಿಗಳಿಲ್ಲ, ಎದೆಯ ಮೇಲೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬರುವಂತೆ ಮಡಿಸಿ ಕಸೆಗಳಿಂದ ಬಿಗಿಯಬೇಕು. ಕಸೆ ಹನ್ನೆರಡೆಂದು ಹೆಸರೇ ಹೇಳುತ್ತದೆ.

ಈ ಸಲ ಅಕ್ಕ ತನ್ನ ಎಂಟು ವರ್ಷದ ಮಗನಿಗೆ ತಾನೇ ಕೈಯಾರೆ ಅದನ್ನು ಹೊಲಿದಿದ್ದಳು. ಕಟ್ಟಿಸಿಕೊಳ್ಳುತ್ತ ಹುಡುಗ ಕೇಳಿದ: “ಮಾಮಾ, ಇದಕ್ಕ ಗುಂಡಿ ಯಾಕಿಲ್ಲ?”

ಉತ್ತರ ಕೊಟ್ಟವಳು ಅಕ್ಕ: “ಗುಂಡಿ ಹಚ್ಚಿದ್ರ ಮುಂದಿನ ವರ್ಷ ಬಿಗಿ ಆಗತೈತಿ. ಕಸಿ ಆದ್ರ, ನೀ ಬೆಳದಂಗ ಸಡ್ಲ ಮಾಡಬಹುದು.”

ಮೆರವಣಿಗೆ ಮುಗಿದು ಹೋಮ್ ಮೈದಾನದ ಅಂಗಡಿಸಾಲಿಗೆ ಹೋದೆವು. ಬಳೆ, ಆಟಿಗೆ, ಮಿಠಾಯಿ, ತಿರುಗುವ ತೊಟ್ಟಿಲು. ಬಿಳಿಯ ಅಂಗಿಗೆ ಕಲೆ ತಗಲೀತೆಂದು ಹುಡುಗ ಬತ್ತಾಸನ್ನು ಮೈಯಿಂದ ದೂರ ಹಿಡಿದು ತಿನ್ನುತ್ತಿದ್ದ. ಪಕ್ಕದಲ್ಲಿ ಮರಾಠಿ ಮಾತಿನ ಮುದುಕರೊಬ್ಬರು ‘ಯಣ್ಣಿಮಜ್ಜನ’ದ ಸಂಭ್ರಮವನ್ನು ಬಣ್ಣಿಸುತ್ತಿದ್ದರು. ನನ್ನ ಕಿವಿ ನಿಮಿರಿತು. ನಮ್ಮ ಎಣ್ಣೆಮಜ್ಜನವೇ ಅದು! ಉಡುಪಿನ ಹೆಸರು ಮರಾಠಿ, ಮಜ್ಜನದ ಹೆಸರು ಕನ್ನಡ. ಜಾತ್ರೆಗೆ ಎರಡೂ ತನ್ನವೇ.

ನನ್ನ ಸಂತೋಷವನ್ನು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. “ತಮ್ಮಾ, ಇವ ಕನ್ನಡ ಮಾತಾಡತಾನ, ಓದಾಕ ಬರೂದಿಲ್ಲ. ಸಿದ್ಧರಾಮನ ವಚನಾನೂ ಮರಾಠಿ ಅಕ್ಷರದಾಗ ಬರದು ಕೊಡತೀನಿ,” ಎಂದಳು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಕನ್ನಡ ನಾಡಿನ ಹೊರಗೆ ಉಳಿಯಿತು. 1960ರಿಂದ ಅದು ಮಹಾರಾಷ್ಟ್ರದ ಊರು. ಅಲ್ಲಿನ ಮಗು ಮರಾಠಿ ಶಾಲೆಗೆ ಹೋಗುವುದು ಸಹಜವೇ. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ಆದರೆ ಆ ಅಂಗಿ ಇಂದಿಗೂ ಬದುಕಿರುವುದು ಪೆಟ್ಟಿಗೆಯಲ್ಲಿ ಜೋಪಾನವಾಗಿದ್ದುದರಿಂದಲ್ಲ. ಅದನ್ನು ಹೊಲಿಯುವವರೂ, ತೊಟ್ಟು ಬೆವರುವವರೂ, ಮಕ್ಕಳಿಗೆ ಕಟ್ಟಿಕೊಡುವವರೂ ಮನೆಯಲ್ಲಿದ್ದುದರಿಂದ. ಓದಿನ ಮಾತೂ ಹಾಗೆಯೇ ಅಲ್ಲವೆ?

ಬೇಸಿಗೆಯ ರಜೆಗೆ ಹುಡುಗ ಜೈನಾಪುರಕ್ಕೆ ಬರಲಿದ್ದಾನೆ. ಕನ್ನಡ ವರ್ಣಮಾಲೆಯ ಪುಸ್ತಕವೊಂದನ್ನು ಈಗಲೇ ತಂದಿರಿಸಿದ್ದೇನೆ.