ಬೇಂದ್ರೆ ಯಾಕೆ ಸಿಗಲಿಲ್ಲ?

ಕನ್ನಡ ಕುಟ್ಟುವ ನಮಗೆಲ್ಲ ಈ ಅನುಭವ ಆಗಿಯೇ ಇರುತ್ತೆ. ಯಾವುದೋ ವೆಬ್ ಪುಟದಲ್ಲಿ ಹೆಸರು ತುಂಬೋಕೆ ಹೋದರೆ ಪೆಟ್ಟಿಗೆ ಕೆಂಪಾಗಿ "ಸರಿಯಾದ ಹೆಸರು ಕೊಡಿ" ಅನ್ನುತ್ತೆ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಸರಿಯಾದದ್ದನ್ನ ಎಲ್ಲಿಂದ ತರೋದು? ಬೈದುಕೊಂಡು ಇಂಗ್ಲಿಷಿನಲ್ಲಿ ಬರೆದು ಮುಂದೆ ಹೋಗ್ತೀವಿ. ಈ ಸಲ ಹಾಗೆ ಮುಂದೆ ಹೋಗುವ ದಾರಿ ಇರಲಿಲ್ಲ. ಯಾಕಂದ್ರೆ ಹುಡುಕಬೇಕಾದ ಪಟ್ಟಿಯೇ ಕನ್ನಡದಲ್ಲಿತ್ತು.

ಊರಿನಲ್ಲಿ ಒಂದು ಪುಟ್ಟ ವಾಚನಾಲಯ ಇದೆ. ನಾಲ್ಕೈದು ಜನ ನಿವೃತ್ತ ಮೇಷ್ಟ್ರುಗಳು ಸೇರಿ ನಡೆಸ್ತಾರೆ. ಸುಮಾರು ಮೂರು ಸಾವಿರ ಪುಸ್ತಕ. ಯಾರೋ ಪುಣ್ಯಾತ್ಮರು ಹಿಂದೆ ಒಂದು ವೆಬ್ ಪುಟ ಮಾಡಿಕೊಟ್ಟು ಹೋಗಿದ್ದರು. ಪುಸ್ತಕ ಕೊಡುವಾಗ, ವಾಪಸ್ ತೆಗೆದುಕೊಳ್ಳುವಾಗ ಲೇಖಕರ ಹೆಸರಿನ ಮೊದಲ ಒಂದೆರಡು ಅಕ್ಷರ ಕುಟ್ಟಿದರೆ ಕೆಳಗೆ ಪಟ್ಟಿ ಇಳಿಯುತ್ತೆ, ಅದರಲ್ಲಿ ಒಂದನ್ನ ಆರಿಸಬೇಕು. ಆರಿಸದೇ ಇದ್ದರೆ ಮುಂದಿನ ಗುಂಡಿ ಒತ್ತೋಕೆ ಬಿಡಲ್ಲ. ಕೆಟ್ಟ ಆಲೋಚನೆಯೇನಲ್ಲ, ಕಾಗುಣಿತ ತಪ್ಪಿದ ಹೆಸರು ಒಳಗೆ ಸೇರೋದು ತಪ್ಪುತ್ತೆ.

ಸಂಜೆ ಹೊತ್ತು ಅಲ್ಲಿ ಕೂರುವುದು ಡಿಗ್ರಿ ಓದುತ್ತಿರುವ ಒಬ್ಬ ಹುಡುಗಿ. ಅವಳು ಕುಟ್ಟಿದರೆ ಪಟ್ಟಿ ಇಳಿಯಲ್ಲ, "ಈ ಪುಸ್ತಕ ಇಲ್ಲ" ಅಂತ ಬರುತ್ತೆ. ಮೇಷ್ಟ್ರು ಬಂದು ಅದೇ ಕುರ್ಚಿಯಲ್ಲಿ ಕೂತು, ಅದೇ ಕೀಬೋರ್ಡಿನಲ್ಲಿ, ಅದೇ ಹೆಸರು ಕುಟ್ಟಿದರೆ ಸಿಗುತ್ತೆ! "ಗಮನ ಇಟ್ಟು ಹೊಡೀಬೇಕಮ್ಮಾ" ಅಂತ ಅವರು. "ಸಾರ್, ನೋಡ್ಕೊಂಡೇ ಹೊಡೆದೆ ಸಾರ್" ಅಂತ ಇವಳು. ತಮಾಷೆಯಾಗಿ ಕಾಣಬಹುದು. ಆದರೆ ಅವಳು ವಾಪಸ್ ತೆಗೆದುಕೊಂಡ ಪುಸ್ತಕಗಳು ಲೆಕ್ಕಕ್ಕೇ ಏರದೆ, ಓದಿ ಮರಳಿಸಿದ ಹುಡುಗರ ಹೆಸರಿನಲ್ಲಿ ದಂಡ ಬೆಳೀತಾ ಇತ್ತು. ಒಬ್ಬರ ಅಪ್ಪ ಬಂದು ಜಗಳ ಆಡಿದ್ದರು. ಸಮಿತಿಯಲ್ಲಿ ಈ ಹುಡುಗಿಯನ್ನ ಬಿಡಿಸಿ ಬೇರೆಯವರನ್ನ ಹಾಕೋಣ ಅನ್ನೋ ಮಾತು ಬಂದಿತ್ತು. ಅಷ್ಟರಲ್ಲಿ ನನಗೆ ಕರೆ ಬಂತು.

ಇಂಥ ತೊಂದರೆಗೆ ಮೊದಲು ಮಾಡಬೇಕಾದದ್ದು ಕೋಡ್ ಓದೋದಲ್ಲ, ಪೆಟ್ಟಿಗೆಯೊಳಗೆ ನಿಜಕ್ಕೂ ಏನು ಬೀಳ್ತಿದೆ ಅಂತ ನೋಡೋದು. ಪೆಟ್ಟಿಗೆಯಲ್ಲಿರುವುದು ಬದಲಾದಾಗಲೆಲ್ಲ ಅದನ್ನ ಬ್ರೌಸರಿನ ಕನ್ಸೋಲಿನಲ್ಲಿ ಒಂದು ಸಾಲು ಅಚ್ಚು ಹಾಕು ಅಂತ ಎರಡು ಸಾಲಿನ ಜಾವಾಸ್ಕ್ರಿಪ್ಟ್ ಸೇರಿಸಿ ಇಬ್ಬರ ಹತ್ತಿರವೂ ಬೇಂದ್ರೆ ಅಂತ ಕುಟ್ಟಿಸಿದೆ.

ಮೇಷ್ಟ್ರು ಕುಟ್ಟಿದಾಗ ಬಂದದ್ದು: ಬ, ಬೇ, ಬೇಂ, ಬೇಂದ, ಬೇಂದ್, ಬೇಂದ್ರ, ಬೇಂದ್ರೆ.

ಹುಡುಗಿ ಕುಟ್ಟಿದಾಗ ಬಂದದ್ದು: ಬ್, ಬೇ, ಬೇಂ, ಬೇಂದ್, ಬೇಂದ್ರ್, ಬೇಂದ್ರೆ.

ಗುಟ್ಟು ಇಲ್ಲೇ ಇದೆ. ಮೇಷ್ಟ್ರದ್ದು ನುಡಿಯ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತದ್ದು. ಅದರಲ್ಲಿ ಬ ಒತ್ತಿದರೆ ಬ ಬರುತ್ತೆ, ಒತ್ತಕ್ಷರ ಬೇಕಾದಾಗ ಎಫ್ ಒತ್ತಿ ಹಲಂತ ತರಬೇಕು. ಒಂದು ಸಲ ಬಿದ್ದದ್ದು ಅಳಿಯಲ್ಲ, ಅದರ ಮುಂದೆ ಇನ್ನೊಂದು ಸೇರುತ್ತೆ ಅಷ್ಟೆ. ಹುಡುಗಿಯದ್ದು ನಮ್ಮಲ್ಲಿ ಬಹಳ ಜನರ ಹಾಗೆ ಬರಹ ಮಾದರಿಯ ಇಂಗ್ಲಿಷ್ ಉಚ್ಚಾರದ ಕುಟ್ಟುವಿಕೆ. ಇಂಗ್ಲಿಷಿನ ಬಿ ಒತ್ತಿದರೆ ಮೊದಲು ಬ್ ಬರುತ್ತೆ, ಸ್ವರ ಒತ್ತಿದ ಮೇಲೆ ಆ ಹಲಂತ ಅಳಿದು ಅದರ ಜಾಗದಲ್ಲಿ ಗುಣಿತದ ಚಿಹ್ನೆ ಕೂರುತ್ತೆ. ಅಂದರೆ ಅವಳ ಪದ ಒಂದು ಹೆಜ್ಜೆ ಹಿಂದೆ ಇಟ್ಟು ಎರಡು ಹೆಜ್ಜೆ ಮುಂದೆ ಹೋಗುತ್ತೆ.

ಪುಟದ ಕೋಡಿನಲ್ಲಿ ಒಂದು ಜಾಣತನ ಇತ್ತು. ಮೊದಲ ಅಕ್ಷರಕ್ಕೆ ಇಡೀ ಪಟ್ಟಿ ಹುಡುಕು, ಎರಡನೆಯ ಅಕ್ಷರ ಬಂದಾಗ ಮೊದಲ ಸಲ ಸಿಕ್ಕಿದ್ದರಲ್ಲೇ ಹುಡುಕು, ಹೀಗೆ ಜರಡಿ ಹಿಡೀತಾ ಹೋಗು. ಇಂಗ್ಲಿಷಿಗೆ ಇದು ಸಂಪೂರ್ಣ ಸರಿ. ಅಲ್ಲಿ ಪದ ಬೆಳೆಯುತ್ತಲೇ ಹೋಗುತ್ತೆ, ಎರಡಕ್ಷರಕ್ಕೆ ಸಿಗದೇ ಇದ್ದದ್ದು ಮೂರಕ್ಷರಕ್ಕೆ ಸಿಗುವ ಪ್ರಶ್ನೆಯೇ ಇಲ್ಲ. ಹುಡುಗಿ ಕುಟ್ಟಿದಾಗ ಮಾತ್ರ ಬ್ ಅನ್ನೋದಕ್ಕೆ ಬ್ರಹ್ಮ, ಬ್ರಾಹ್ಮಣ ಅಂತ ಶುರುವಾಗುವ ಒಂದೆರಡು ಪುಸ್ತಕ ಸಿಕ್ಕು, ಆ ಒಂದೆರಡರಲ್ಲಿ ಬೇಂದ್ರೆಯನ್ನ ಹುಡುಕಿ "ಇಲ್ಲ" ಅಂತಿತ್ತು. ಬೇಂದ್ರೆ ಮೊದಲ ಕೀಲಿಯಲ್ಲೇ ಜರಡಿಯಿಂದ ಆಚೆ ಬಿದ್ದಿದ್ದರು. ಅಡಿಗ, ಇನಾಂದಾರ್ ಹೀಗೆ ಸ್ವರದಿಂದ ಶುರುವಾಗುವ ಹೆಸರು ಅವಳಿಗೂ ಒಮ್ಮೊಮ್ಮೆ ಸಿಗ್ತಾ ಇದ್ದದ್ದು ಇದಕ್ಕೇ. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದರೂ ಸಿಗ್ತಿತ್ತು, ಅಂಟಿಸುವಾಗ ಮಧ್ಯದ ಹೆಜ್ಜೆಗಳೇ ಇರಲ್ಲವಲ್ಲ.

ಮದ್ದು ಸುಲಭ. ಜರಡಿಯನ್ನೇ ಕಿತ್ತು ಹಾಕಿದೆ. ಮೂರು ಸಾವಿರ ಹೆಸರನ್ನ ಪ್ರತಿ ಸಲ ಪೂರ್ತಿ ನೋಡೋದು ಇವತ್ತಿನ ಮೊಬೈಲಿಗೂ ಲೆಕ್ಕಕ್ಕಿಲ್ಲದ ಕೆಲಸ. ಜೊತೆಗೆ ಕುಟ್ಟಿದ್ದರ ಕೊನೆಯಲ್ಲಿ ಹಲಂತ ಇದ್ದರೆ ಹುಡುಕುವ ಮುಂಚೆ ಅದನ್ನ ಬಿಡಿಸಿಬಿಡು ಅಂತ ಸೇರಿಸಿದೆ. ಬೇಂದ್ರ್ ಅನ್ನೋದು ಬೇಂದ್ರ ಆಗುತ್ತೆ, ಯೂನಿಕೋಡಿನ ಲೆಕ್ಕದಲ್ಲಿ ಬೇಂದ್ರೆ ಶುರುವಾಗೋದೂ ಹಾಗೆಯೇ. ಮಧ್ಯೆ ಮಧ್ಯೆ "ಇಲ್ಲ" ಅಂತ ಮಿಂಚಿ ಮಾಯವಾಗೋದೂ ನಿಂತಿತು.

ಮೇಷ್ಟ್ರಿಗೆ ಇಬ್ಬರ ಸಾಲುಗಳನ್ನೂ ಪಕ್ಕಪಕ್ಕದಲ್ಲಿ ತೋರಿಸಿದೆ. ಸುಮಾರು ಹೊತ್ತು ನೋಡಿ, "ಹಾಗಾದ್ರೆ ಅವಳದ್ದೇನೂ ತಪ್ಪಿಲ್ಲ ಅನ್ನು" ಅಂದರು. ಅಷ್ಟು ಸಾಕಾಗಿತ್ತು.

ಆದರೆ ಕೆಲಸ ಮುಗಿದಿರಲಿಲ್ಲ. ಕಪಾಟಿನ ಹತ್ತಿರ ನಿಂತು ಮೊಬೈಲಿನಲ್ಲಿ ಹುಡುಕಿದರೆ ಪಟ್ಟಿ ಇಳಿಯೋದೇ ಇಲ್ಲ. ಇಲ್ಲಿ ಕೋಡ್ ಕಾಯ್ತಾ ಇದ್ದದ್ದು ಕೀಲಿ ಒತ್ತಿದ ಸುದ್ದಿಗೆ, ಅಂದರೆ ಕೀಡೌನ್‌ಗೆ. ಒತ್ತಿದ ಕೀಲಿಯ ಸಂಖ್ಯೆ 65ರಿಂದ 90ರ ಒಳಗಿದ್ದರೆ ಮಾತ್ರ ಹುಡುಕು ಅಂತ ಬರೆದಿತ್ತು. ಅವು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಕೀಲಿ. ಆಂಡ್ರಾಯ್ಡಿನ ತೆರೆಯ ಮೇಲಿನ ಕೀಲಿಮಣೆಯಲ್ಲಿ ಯಾವ ಅಕ್ಷರ ಒತ್ತಿದರೂ ಸಾಮಾನ್ಯವಾಗಿ ಬರೋ ಸಂಖ್ಯೆ ಒಂದೇ, 229. ಅದರ ಅರ್ಥ "ಅಕ್ಷರ ಇನ್ನೂ ತಯಾರಾಗ್ತಿದೆ, ಕೀಲಿ ಯಾವುದು ಅಂತ ಕೇಳಬೇಡ" ಅಂತ ಇಟ್ಟುಕೊಳ್ಳಿ. ಇನ್ನು ಮೇಲೆ ತೇಲುವ ಸಲಹೆಯ ಪದವನ್ನ ಮುಟ್ಟಿದರೆ, ಬಾಯಲ್ಲಿ ಹೇಳಿ ಬರೆಸಿದರೆ, ಕೀಲಿ ಅನ್ನೋದು ಎಲ್ಲಿಂದ ಬಂತು? ಕೀಲಿಯನ್ನ ಕಾಯೋದು ಬಿಟ್ಟು ಪೆಟ್ಟಿಗೆಯನ್ನ ಕಾಯಬೇಕು. ಅದಕ್ಕೆ ಇನ್‌ಪುಟ್ ಅನ್ನೋ ಇವೆಂಟ್ ಇದೆ. ಒಳಗಿರುವುದನ್ನ ಬಳಸುವವರು ಹೇಗೇ ಬದಲಿಸಲಿ, ಅದು ಕೂಗುತ್ತೆ.

ಇದನ್ನ ಬದಲಿಸಿದ ಮೇಲೆ ಮೊಬೈಲಿನಲ್ಲಿ ಹೊಸ ಭೂತ ಎದ್ದಿತು. ಕಾರಂತ ಅಂತ ಕುಟ್ಟಿದರೆ ಕಕಾಕಾರ ಅಂತ ತೊದಲೋಕೆ ಶುರು. ಪುಟ ಪ್ರತಿ ಬದಲಾವಣೆಗೂ ಹಿಂದೆ ಮುಂದಿನ ಖಾಲಿ ಜಾಗ ಕತ್ತರಿಸಿ ಪದವನ್ನ ಮತ್ತೆ ಪೆಟ್ಟಿಗೆಗೆ ತುರುಕುತ್ತಿತ್ತು. ಕೀಲಿಮಣೆ ಅರ್ಧ ಕಟ್ಟಿದ ಪದವನ್ನ ಇನ್ನೂ ಕೈಯಲ್ಲಿ ಹಿಡಿದಿರುವಾಗ ನಾವು ಪೆಟ್ಟಿಗೆಗೆ ಕೈ ಹಾಕಿದರೆ ಅದಕ್ಕೆ ಲೆಕ್ಕ ತಪ್ಪುತ್ತೆ. ಓದಿ, ಬರೀಬೇಡಿ. ಸ್ವಚ್ಛ ಮಾಡೋದೇನಿದ್ದರೂ ಹುಡುಕಾಟಕ್ಕೆ ಅಂತ ತೆಗೆದ ನಕಲಿನ ಮೇಲೆ ಮಾಡಿಕೊಳ್ಳಿ. ಹಾಗೆಯೇ ಎಂಟರ್ ಕೀಲಿಗೆ ಪಟ್ಟಿಯಿಂದ ಆರಿಸುವ ಕೆಲಸ ಕೊಟ್ಟಿದ್ದರೆ, ಈಸ್‌ಕಂಪೋಸಿಂಗ್ ಅನ್ನೋ ಗುರುತು ನಿಜ ಇದ್ದಾಗ ಸುಮ್ಮನಿರಬೇಕು. ಆಗ ಒತ್ತಿದ ಎಂಟರ್ ಕೀಲಿಮಣೆಗೆ ಸೇರಿದ್ದು, ಪುಟಕ್ಕಲ್ಲ.

ಇಷ್ಟಾದರೂ ಕೆಲವು ಪುಸ್ತಕ ಮೇಷ್ಟ್ರಿಗೂ ಸಿಗ್ತಿರಲಿಲ್ಲ. ಚೋಮನ ದುಡಿ ಕಣ್ಣೆದುರೇ ಕಪಾಟಿನಲ್ಲಿದೆ, ಪಟ್ಟಿಯಲ್ಲೂ ಇದೆ, ಹುಡುಕಿದರೆ ಇಲ್ಲ. ಪಟ್ಟಿಯ ಅರ್ಧ ಭಾಗ ಹಳೆಯ ಆಸ್ಕಿ ಫಾಂಟಿನ ಕಡತದಿಂದ ಯೂನಿಕೋಡಿಗೆ ಪರಿವರ್ತಿಸಿದ್ದು. ಆ ಕಾಲದಲ್ಲಿ ಕಣ್ಣಿಗೆ ಸರಿ ಕಂಡರೆ ಸಾಕಿತ್ತು, ತುಂಡು ತುಂಡು ಜೋಡಿಸುತ್ತಿದ್ದರು. ಚೋ ಅನ್ನೋದನ್ನ ಯೂನಿಕೋಡಿನಲ್ಲಿ ಚ ಮತ್ತು ಓತ್ವ ಅಂತ ಎರಡು ಸಂಕೇತದಲ್ಲಿ ಬರೆಯಬಹುದು. ಚ, ಎತ್ವ, ಊತ್ವ, ದೀರ್ಘ ಅಂತ ನಾಲ್ಕು ಸಂಕೇತದಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಚೋ. ಜಾವಾಸ್ಕ್ರಿಪ್ಟಿಗೆ ಬೇರೆ ಬೇರೆ. ಇದಕ್ಕೆ 2015ರ ಜಾವಾಸ್ಕ್ರಿಪ್ಟಿನಿಂದ ನಾರ್ಮಲೈಸ್ ಅನ್ನೋ ಸಲಕರಣೆ ಬಂದಿದೆ. ಪಟ್ಟಿಗೂ ಕುಟ್ಟಿದ್ದಕ್ಕೂ ಎರಡಕ್ಕೂ ಅದನ್ನ ಹಾಯಿಸಿದರೆ ತುಂಡುಗಳು ಒಂದಾಗುತ್ತವೆ.

ಅದರಿಂದ ಆಗದ್ದೂ ಇದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ! ಹಳಬರಿಗೆ ನೆನಪಿರುತ್ತೆ, ಬೆಂಗಳೂರು ಅಂತ ಬರೆಯುವಾಗ ಕನ್ನಡದ ಅಂಕಿ ಸೊನ್ನೆಯನ್ನ ಹಾಕಿ ಬೆ೦ಗಳೂರು ಅಂತ ಬರೆದ ಬ್ಲಾಗುಗಳು ಎಷ್ಟಿದ್ದವು. ಎರಡನ್ನೂ ಪಕ್ಕದಲ್ಲಿಟ್ಟರೆ ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲ್ಲ :-) ಯೂನಿಕೋಡಿನ ಪ್ರಕಾರ ಒಂದು ಅಂಕಿ, ಒಂದು ಚಿಹ್ನೆ, ನಾರ್ಮಲೈಸ್ ಅವೆರಡನ್ನ ಮುಟ್ಟಲ್ಲ. ಕನ್ನಡ ಅಕ್ಷರದ ಹಿಂದೆಯೇ ಕನ್ನಡ ಸೊನ್ನೆ ಬಂದರೆ ಅದನ್ನ ಅನುಸ್ವಾರ ಅಂದುಕೋ ಅಂತ ಕೈಯಾರೆ ಬರೆಯಬೇಕಾಯ್ತು. ಇನ್ನೊಂದು, ರಾಜ್‌ಕುಮಾರ್ ಅಂತ ಬರೆಯುವಾಗ ಜ ಕೆಳಗೆ ಕ ಒತ್ತು ಬರದ ಹಾಗೆ ನಡುವೆ ಹಾಕುವ ಕಾಣದ ತಡೆ. ರ‍್ಯಾಂಕ್ ಅನ್ನುವಲ್ಲಿ ಅರ್ಕಾವತ್ತು ಬೇಡ ಅಂತ ಹಾಕುವ ಕಾಣದ ಕೊಂಡಿ. ಬರೆಯುವಾಗ ಇವು ಬೇಕೇ ಬೇಕು. ಹುಡುಕುವಾಗ ಮಾತ್ರ ಎರಡೂ ಕಡೆಯಿಂದ ತೆಗೆದುಬಿಡಬೇಕು. ಅದರ ಜೊತೆಗೆ ಇನಿಶಿಯಲ್ಲುಗಳ ಚುಕ್ಕಿ. ದ.ರಾ., ದ ರಾ, ದ. ರಾ. ಅಂತ ಮೂರು ಬಗೆಯಲ್ಲಿ ಇದ್ದವು. ಹೀಗೆ ಪ್ರತಿ ಪುಸ್ತಕಕ್ಕೂ ತೋರಿಸೋಕೆ ಒಂದು ಹೆಸರು, ಹುಡುಕೋಕೆ ತೊಳೆದ ಇನ್ನೊಂದು ಹೆಸರು ಅಂತ ಇಟ್ಟೆ. ನನ್ನ ಪ್ರಕಾರ ಕನ್ನಡದ ಯಾವ ಪಟ್ಟಿಗೂ ಇದು ಬೇಕು, ಇದಿಲ್ಲದೆ ಹುಡುಕಾಟ ಅನ್ನೋದು ಅದೃಷ್ಟದ ಆಟ.

ಸದಸ್ಯತ್ವದ ಫಾರಂ ಕಥೆ ಚಿಕ್ಕದು. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅನ್ನೋ ಪರೀಕ್ಷೆ ಮೊದಲು ಎ ಇಂದ ಝಡ್ ವರೆಗೆ ಇತ್ತಂತೆ, ಆಮೇಲೆ ಯಾರೋ ತಿದ್ದಿ ಯೂನಿಕೋಡಿನ 'ಅಕ್ಷರ' ವರ್ಗ ಹಾಕಿದ್ದರು. ಯೂನಿಕೋಡಿಗೆ ಕ ಅಕ್ಷರ, ಆದರೆ ಕಾ ದಲ್ಲಿರುವ ದೀರ್ಘ ಅಕ್ಷರವಲ್ಲ, 'ಗುರುತು'. ಹಲಂತವೂ ಗುರುತೇ. ಹಾಗಾಗಿ ಕಮಲ ಒಳಗೆ ಹೋಗ್ತಾಳೆ, ಸುಮಾ ಬಾಗಿಲಲ್ಲೇ ನಿಲ್ತಾಳೆ! ಎರಡು ವರ್ಗವನ್ನೂ ಸೇರಿಸಿ, ಆ ಕಾಣದ ತಡೆಗೂ ಕೊಂಡಿಗೂ ಒಪ್ಪಿಗೆ ಕೊಟ್ಟರೆ ಸರಿಹೋಗುತ್ತೆ. ಉದ್ದದ ಮಿತಿ 15 ಅಂತ ಇಟ್ಟಿದ್ದರು. ಲಕ್ಷ್ಮೀನಾರಾಯಣಪ್ಪ ಅನ್ನೋದು ನಮ್ಮ ಬಾಯಿಗೆ ಏಳಕ್ಷರ, ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ 16. ಪಾಪ ಅವರು ಲಕ್ಷ್ಮೀನಾರಾಯಣಪ್ ಆಗಿ ಚೀಟಿ ಪಡೆದು ಹೋಗಿದ್ದರು. ಮಿತಿಯನ್ನ ನೂರಕ್ಕೆ ಏರಿಸಿದೆ. ಹೆಸರಿಗೆ ಜಿಪುಣತನ ಯಾಕೆ?

ಇದೇ ಫಾರಮ್ಮಿನಲ್ಲಿ ಫೋನ್ ನಂಬರಿನ ಪೆಟ್ಟಿಗೆ ಮುಟ್ಟಿದರೆ ಹಿಂದೆ ಬಂದವರೆಲ್ಲರ ನಂಬರುಗಳು ಸಾಲಾಗಿ ಇಳೀತಿದ್ದವು. ಅದು ಪುಟದ ಪಟ್ಟಿಯಲ್ಲ, ಬ್ರೌಸರ್ ತಾನೇ ನೆನಪಿಟ್ಟುಕೊಂಡದ್ದು. ಎಲ್ಲರೂ ಬಳಸುವ ಕಂಪ್ಯೂಟರಿನಲ್ಲಿ ಹೆಣ್ಣುಮಕ್ಕಳ ನಂಬರು ಹೀಗೆ ತೋರೋದು ಸಣ್ಣ ವಿಷಯವಲ್ಲ. ಆಟೋಕಂಪ್ಲೀಟ್ ಅನ್ನೋ ಗುಣಕ್ಕೆ ಆಫ್ ಅಂತ ಕೊಟ್ಟರೆ ನೆನಪಿಡಬೇಡ ಅಂತ ಹೇಳಿದ ಹಾಗೆ. ಆದರೆ ಬ್ರೌಸರುಗಳು ಎಲ್ಲ ಕಡೆ ಆ ಮಾತು ಕೇಳಲ್ಲ, ಪಾಸ್‌ವರ್ಡ್ ಪೆಟ್ಟಿಗೆಯಲ್ಲಂತೂ ಬಹುತೇಕ ಇಲ್ಲವೇ ಇಲ್ಲ. ಹಾಗಾಗಿ ಆ ಕಂಪ್ಯೂಟರಿನ ಬ್ರೌಸರಿನಲ್ಲೇ ಫಾರಂ ನೆನಪಿಡುವ ಆಯ್ಕೆ ತೆಗೆದು, ಹಳೆಯದನ್ನ ಅಳಿಸಿ ಬಂದೆ.

ಆಮೇಲೆ ಹುಡುಗಿ ಒಂದು ಭಾನುವಾರ ಕೂತು 'ಬಾಕಿ' ಪಟ್ಟಿಯನ್ನ ಕಪಾಟಿನ ಜೊತೆ ತಾಳೆ ನೋಡಿದಳು. ಬಾಕಿ ಅಂತಿದ್ದ ಹನ್ನೊಂದು ಪುಸ್ತಕ ಅಲ್ಲೇ ಇದ್ದವು. ದಂಡ ಕಟ್ಟಿದವರಿಗೆ ಸಮಿತಿ ದುಡ್ಡು ವಾಪಸ್ ಕೊಟ್ಟಿತು, ಹುಡುಗಿ ಕೆಲಸದಲ್ಲಿ ಮುಂದುವರಿದಿದ್ದಾಳೆ. "ಈ ಪುಸ್ತಕ ಇಲ್ಲ" ಅನ್ನೋ ಸಾಲನ್ನ ನಾನು "ಹುಡುಕಿದ್ದು ಸಿಗಲಿಲ್ಲ, ಕಪಾಟು ನೋಡಿ" ಅಂತ ಬದಲಿಸಿದೆ. ಜೊತೆಗೆ ಪಟ್ಟಿಯಿಂದ ಆರಿಸದೆ ಹೆಸರು ಬರೆದು ಮುಂದೆ ಹೋಗುವ ದಾರಿಯೂ ಇದೆ, ಆಮೇಲೆ ಯಾರಾದರೂ ತಾಳೆ ಮಾಡಿಕೊಂಡರಾಯ್ತು.

ಒಂದು ಮಾತ್ರ ಬಾಕಿ. ತೇಜಸ್ವಿಯವರ ಕಾದಂಬರಿಯನ್ನ ಕೆಲವರು ಕರ್ವಾಲೊ ಅಂತ, ಕೆಲವರು ಕರ್ವಾಲೋ ಅಂತ ಕುಟ್ಟುತ್ತಾರೆ. ಬೇಂದ್ರೆಯನ್ನ ಬೆಂದ್ರೆ ಅಂತ ಬೇಯಿಸುವವರೂ ಇದ್ದಾರೆ. ಹ್ರಸ್ವ ದೀರ್ಘ ಒಂದೇ ಅಂತ ಎಣಿಸಿ ಹುಡುಕಲಿ, ಸರಿಯಾಗಿ ಕುಟ್ಟಿದ್ದಕ್ಕೆ ಹೊಂದುವಂಥದ್ದು ಮೇಲೆ ಬರಲಿ, ಉಳಿದದ್ದು ಕೆಳಗೆ ಅಂತ ನನ್ನ ವಾದ. ಮೇಷ್ಟ್ರು ಒಪ್ಪಿಲ್ಲ. "ಇವತ್ತು ದೀರ್ಘ ಬಿಡ್ತೀರಿ, ನಾಳೆ ಹಕಾರಕ್ಕೆ ಅಕಾರ ಅಂತೀರಿ" ಅಂತಾರೆ. ಲ ಳ, ಶ ಷ ವಿಚಾರವನ್ನ ನಾನಿನ್ನೂ ಎತ್ತಿಯೇ ಇಲ್ಲ. ನಿಮ್ಮಲ್ಲಿ ಯಾರಾದರೂ ಕನ್ನಡ ಪಟ್ಟಿಗೆ ಹೀಗೆ ಮಾಡಿ ನೋಡಿದ್ದರೆ ಎಲ್ಲಿಯವರೆಗೆ ಸಡಿಲ ಬಿಟ್ಟಿರಿ ಅಂತ ತಿಳಿಸಿ.